ಪಕ್ಕೆಯಡಿಯ ಆರು ತೂತು

ನಮ್ಮ ಮನೆಯ ಬಾಗಿಲ ಮುಂದಿನ ಕಾಲೊರಸು ಮೊನ್ನೆಯ ಮಳೆಗೆ ಪೂರ್ತಿ ನೆನೆದುಹೋಯಿತು. ಸೂರತ್ತಿನ ಅಡಾಜಣ್‌ನಲ್ಲಿ, ಏಳನೆಯ ಮಹಡಿಯ ಮನೆಯ ಮುಂದಿನ ಕಾರಿಡಾರಿಗೆ ಮಳೆ ಹೇಗೆ ಬಂತು ಎಂದು ನೀವು ಕೇಳಬಹುದು. ಕಾರಿಡಾರಿನ ಕಿಟಕಿಯ ಗಾಜು ಒಡೆದು ಎರಡು ತಿಂಗಳಾಯಿತು. ಸೊಸೈಟಿಯ ಸಭೆಯಲ್ಲಿ ಅದರ ಬಗ್ಗೆ ಎರಡು ಸಲ ಚರ್ಚೆಯಾಗಿದೆ, ಎರಡು ಸಲವೂ ನಾವು ಚಹಾ ಕುಡಿದು ಎದ್ದು ಬಂದಿದ್ದೇವೆ. ಇರಲಿ. ಕಾಲೊರಸು ತೆಂಗಿನ ನಾರಿನದು. ಅದನ್ನು ಬಾಲ್ಕನಿಯಲ್ಲಿ ಒಣಹಾಕಲು ಎತ್ತಿದಾಗ ಮೂಗಿಗೆ ಒಂದು ವಾಸನೆ ಹೊಡೆಯಿತು. ನೀರಿನಲ್ಲಿ ಬಹಳ ದಿನ ಬಿದ್ದ ಸಿಪ್ಪೆಯದು, ತಳದ ಕೆಸರಿನದು, ಒಂದಿಷ್ಟು ಉಪ್ಪಿನದು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ.

"ಪಪ್ಪಾ, ಡೋರ್‌ಮ್ಯಾಟ್ ಯಾಕೆ ಸ್ಮೆಲ್ ಮಾಡ್ತಾ ಇದೀಯಾ? ಪಾಗಲ್ ಹೋ ಗಯೇ ಕ್ಯಾ?" ಎಂದಳು ಒಂಬತ್ತನೇ ತರಗತಿಯ ನನ್ನ ಮಗಳು ಮೇಘನಾ. ಅವಳ ಕನ್ನಡ ಮೂರನೇ ಶಬ್ದಕ್ಕೆ ದಣಿಯುತ್ತದೆ, ಉಳಿದದ್ದನ್ನು ಹಿಂದಿ ಹೊತ್ತುಕೊಂಡು ಹೋಗುತ್ತದೆ.

"ಒಬ್ಬರ ನೆನಪಾತು," ಎಂದೆ.

"ಡೋರ್‌ಮ್ಯಾಟ್‌ನಿಂದ?" ಎಂದಳು. ಆ ಒಬ್ಬರಿಗೆ ಇದರಿಂದ ಅವಮಾನವಾಗುತ್ತದೆಂಬ ಭಾವ ಅವಳ ಮುಖದಲ್ಲಿತ್ತು. ಆದರೆ ವೇಣಕ್ಕನಿಗೆ ಅವಮಾನವಾಗುವುದಿಲ್ಲ ಎಂದು ನಾನು ಭರವಸೆ ಕೊಡಬಲ್ಲೆ. ಒಂದು ಕಾಲದಲ್ಲಿ ಆಗುತ್ತಿತ್ತೇನೋ. ಆ ಕಾಲದ ಕಥೆಯನ್ನೇ ಹೇಳಹೊರಟಿದ್ದೇನೆ.

ಮೊದಲು ನನ್ನ ಯೋಗ್ಯತೆಯನ್ನು ಹೇಳಿಬಿಡುತ್ತೇನೆ. ನಾನು ಗದಗಿನ ಕಡೆಯವನು. ನಮ್ಮೂರಿನಲ್ಲಿ ನೀರು ಎಂದರೆ ಕೊಡದಲ್ಲಿ ಹಿಡಿಸುವಷ್ಟು, ಹೆಚ್ಚೆಂದರೆ ಟ್ಯಾಂಕರಿನಲ್ಲಿ ಹಿಡಿಸುವಷ್ಟು. ಇಪ್ಪತ್ತಮೂರನೆಯ ವಯಸ್ಸಿನವರೆಗೆ ನಾನು ಸಮುದ್ರ ನೋಡಿರಲಿಲ್ಲ. ಆಮೇಲೆ ನೋಡಿದ್ದು ಸೂರತ್ತಿನ ಹತ್ತಿರದ ಡುಮಸ್‌ನಲ್ಲಿ, ಅದೂ ಇಳಿತದ ಹೊತ್ತಿನಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಕೆಸರು, ಅದರಾಚೆ ಎಲ್ಲೋ ಬೆಳ್ಳಗೆ ಒಂದು ಗೆರೆ. ಜೊತೆಗಿದ್ದವರನ್ನು "ಸಮುದ್ರ ಎಲ್ಲಿ?" ಎಂದು ಕೇಳಿದೆ. "ಸಂಜೆ ಬರುತ್ತದೆ," ಎಂದರು. ಬಸ್ಸಿನ ವಿಷಯ ಹೇಳಿದ ಹಾಗೆ. ಅಂಥ ನನಗೆ ಸಿಕ್ಕ ಮೊದಲ ನೌಕರಿ ಮುಳುಗಿದ ಹಡಗಿನ ಚಿತ್ರ ಬರೆಯುವುದು.

ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ, ನರೋಡಾದ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆಂದು ಅಹಮದಾಬಾದಿಗೆ ಬಂದವನು ನಾನು. ಬಂದು ನೋಡಿದರೆ ಆ ಕೆಲಸ ಇನ್ನೊಬ್ಬನಿಗೆ ಹೋಗಿತ್ತು. ಆಗ ಪೇಪರಿನಲ್ಲಿ ಒಂದು ಸಣ್ಣ ಜಾಹೀರಾತು ಕಂಡಿತು. ವಡೋದರಾದಲ್ಲಿ ಹಳೆಯ ಕಾಲದ ವಸ್ತುಗಳನ್ನು ಅಭ್ಯಾಸ ಮಾಡುವ ಪುಟ್ಟ ಸಂಸ್ಥೆಯೊಂದಕ್ಕೆ, ಹನ್ನೊಂದು ತಿಂಗಳ ಮಟ್ಟಿಗೆ, ಅಳತೆಯಿಟ್ಟು ಚಿತ್ರ ಬರೆಯುವವರು ಬೇಕಾಗಿದ್ದರು. ಅಲ್ಲಿನ ಮುಖ್ಯಸ್ಥೆ ಇಂದುಬೆನ್. ಐವತ್ತು ದಾಟಿದ, ಖಾದಿ ಸೀರೆಯ ಮೇಲೆ ಗಂಡಸರ ಬೂಟು ಹಾಕುವ ಹೆಂಗಸು. ಮೇಲಧಿಕಾರಿಯನ್ನು "ಬೆನ್", ಅಂದರೆ "ಅಕ್ಕ", ಎಂದು ಕರೆಯುವ ಈ ಗುಜರಾತಿ ಪದ್ಧತಿಗೆ ಒಗ್ಗಿಕೊಳ್ಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅಲ್ಲಿಯವರೆಗೆ "ಇಂದುಬೆನ್ ಮೇಡಂ" ಎನ್ನುತ್ತಿದ್ದೆ, ಅಂದರೆ ಸಕ್ಕರೆಗೆ ಬೆಲ್ಲ ಹಾಕಿದ ಹಾಗೆ.

ಇಂದುಬೆನ್ ಹೇಳಿದ ಮೊದಲ ಪಾಠ ಇಂದಿಗೂ ನೆನಪಿದೆ. "ನೋಡು ಭಾಯಿ, ಚೆನ್ನಾಗಿ ಬಾಳಿದ ಹಡಗು ನಮಗೆ ಏನೂ ಹೇಳುವುದಿಲ್ಲ. ಅದು ಹಳೆಯದಾದ ಮೇಲೆ ಒಡೆದು ಬಾಗಿಲು ಮಾಡುತ್ತಾರೆ, ತೊಲೆ ಮಾಡುತ್ತಾರೆ, ಉಳಿದದ್ದು ಒಲೆಗೆ. ಮುಳುಗಿದ್ದು ಮಾತ್ರ ಹೇಗಿತ್ತೋ ಹಾಗೇ ಉಳಿಯುತ್ತದೆ. ಮೇಸ್ತ್ರಿ ಪುಸ್ತಕ ಬರೆಯಲಿಲ್ಲ. ಅವನ ಕೆಲಸ ನೋಡಬೇಕೆಂದರೆ ಕೆಸರಿಗೆ ಇಳಿಯಬೇಕು."

ಕೆಸರಿಗೆ ನಾವು ಇಳಿದದ್ದು ತಾಪಿ ನದಿ ಸಮುದ್ರ ಸೇರುವ ಕಡೆ, ಒಂದು ಖಾರಿಯಲ್ಲಿ, ಅಂದರೆ ಉಬ್ಬರದ ನೀರು ಒಳನುಗ್ಗುವ ಕೊರಕಲಿನಲ್ಲಿ. ದಂಡೆ ಕುಸಿದಾಗ ಒಂದು ಹಳೆಯ ಮರದ ಹಡಗಿನ ಒಡಲು ಅಲ್ಲಿ ಹೊರಬಿದ್ದಿತ್ತು. ಹಡಗು ಎಂದರೆ ದೊಡ್ಡದನ್ನು ಊಹಿಸಿಕೊಳ್ಳಬೇಡಿ. ಎರಡು ಲಾರಿಗಳನ್ನು ಹಿಂದೆಮುಂದೆ ನಿಲ್ಲಿಸಿದಷ್ಟು ಉದ್ದ, ಅದರಲ್ಲೂ ಮೇಲಿನ ಅರ್ಧ ಹೋಗಿ ತಳಭಾಗ ಮಾತ್ರ ಉಳಿದಿತ್ತು. ಉದ್ದಕ್ಕೆ ಅಡಿಮರ, ಅದರ ಎರಡೂ ಕಡೆ ಹಲಗೆಗಳು, ಹಲಗೆಗಳ ಮೇಲೆ ಅಡ್ಡಡ್ಡ ಬಾಗಿದ ಮರದ ಪಕ್ಕೆಗಳು. ಪಕ್ಕೆಗಳನ್ನು ಹಲಗೆಗೆ ಕಬ್ಬಿಣದ ಮೊಳೆ ಹೊಡೆದು ಕೂರಿಸಿದ್ದರು. ಹಲಗೆಯ ಒಳಮೈಗೆ ಸುಣ್ಣ, ಎಣ್ಣೆ, ರಾಳ ಕಲಸಿದ ಗಟ್ಟಿ ಲೇಪ. ಮರವನ್ನು ಹೊರಗೆ ತಂದು ಒಣಗಿಸಿದರೆ ಸೀಳುಬಿಡುತ್ತದೆ, ನೀರಿನ ತೊಟ್ಟಿಯಲ್ಲಿ ಇಟ್ಟು ಕಾಪಾಡುವ ಅನುಕೂಲ ನಮಗಿರಲಿಲ್ಲ. ಹಾಗಾಗಿ ಇಳಿತದ ಹೊತ್ತಿನಲ್ಲಿ ಅಳೆಯುವುದು, ಚಿತ್ರ ಬರೆಯುವುದು, ಮುಗಿದ ಮೇಲೆ ಮತ್ತೆ ಕೆಸರಿನಲ್ಲೇ ಹೂತುಬಿಡುವುದು ಎಂದು ತೀರ್ಮಾನವಾಗಿತ್ತು. ಅಂದರೆ, ಆಮೇಲೆ ಜಗತ್ತಿಗೆ ಆ ಹಡಗು ಎಂದರೆ ನಾನು ಬರೆದ ಚಿತ್ರ. ಇಷ್ಟು ದೊಡ್ಡ ಮಾತು ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಕೆಸರಿನಲ್ಲಿ ಸಿಕ್ಕಿಕೊಂಡ ಬಲಗಾಲಿನ ಚಪ್ಪಲಿ.

ಈಗ ವೇಣಕ್ಕನ ಮನೆಗೆ ಹೋಗೋಣ. ಅದು ಅಹಮದಾಬಾದಿನ ಮಣಿನಗರದಲ್ಲಿ, ಸ್ಟೇಶನ್ನಿನಿಂದ ಹತ್ತು ನಿಮಿಷದ ದಾರಿ. ವೇಣಕ್ಕನ ಪೂರ್ತಿ ಹೆಸರು ನಾಗವೇಣಿ. ಅವರ ಯಜಮಾನರು ಗಜಾನನ ರಾಯರು ಉಪಗ್ರಹಗಳಿಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ಇಂಜಿನಿಯರು. ಇಬ್ಬರೂ ಕುಮಟಾದ ಕಡೆಯವರು. ಮಕ್ಕಳಿಲ್ಲ. ಮನೆಯ ಟೆರೇಸಿನ ಮೇಲಿದ್ದ ಒಂದು ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ನಾನು ಬೆಳಿಗ್ಗೆ ಮಣಿನಗರದಲ್ಲಿ ರೈಲು ಹತ್ತಿ ವಡೋದರಾಕ್ಕೆ, ಖಾರಿಯಲ್ಲಿ ಕೆಲಸವಿದ್ದ ದಿನ ಸೂರತ್ತಿನವರೆಗೆ, ಹೋಗಿ ಸಂಜೆ ವಾಪಸಾಗುತ್ತಿದ್ದೆ. ಪಾಸಿನವರ ಡಬ್ಬಿಯಲ್ಲಿ ದಿನವೂ ಒಂದು ಗುಂಪು ಭಜನೆ ಮಾಡುತ್ತಿತ್ತು, ಇನ್ನೊಂದು ಗುಂಪು ಇಸ್ಪೀಟು ಆಡುತ್ತಿತ್ತು. ನನಗೆ ಸೀಟು ಕೊಟ್ಟದ್ದು ಇಸ್ಪೀಟಿನವರು. ಹೀಗಾಗಿ ಆ ಹನ್ನೊಂದು ತಿಂಗಳು ನನ್ನ ಪಾರಮಾರ್ಥಿಕ ಪ್ರಗತಿ ಅಷ್ಟಕ್ಕಷ್ಟೇ.

ರಾಯರು ಆಕಾಶದ ಮನುಷ್ಯ. ಊಟಕ್ಕೆ ಕುಳಿತರೂ ಮಜ್ಜಿಗೆಯ ಮೇಲೆ ಕರಿಬೇವು ಸುತ್ತುವ ಕಕ್ಷೆಯನ್ನು ನೋಡುತ್ತಿದ್ದರೆಂದು ನನ್ನ ಅನುಮಾನ. ವೇಣಕ್ಕ ಹಾಗಲ್ಲ, ಅವರ ಕಣ್ಣು ಕೈಯಲ್ಲಿದ್ದ ಕೆಲಸದ ಮೇಲೆ. ಅವರಿಗೆ ಗಂಟು ಹಾಕುವ ವಿಚಿತ್ರ ವಿದ್ಯೆಯೊಂದು ಒಲಿದಿತ್ತು. ಅವರ ಬಟ್ಟೆ ಒಣಗಿಸುವ ಹಗ್ಗ ಎಷ್ಟು ಭಾರ ಹಾಕಿದರೂ ಜೋಲುತ್ತಿರಲಿಲ್ಲ. ಆ ಓಣಿಯ ಗುಜರಾತಿ ಮನೆಗಳಲ್ಲಿ ಉಯ್ಯಾಲೆ ಇಲ್ಲದ ಮನೆಯಿಲ್ಲ. ಯಾರ ಮನೆಯ ಉಯ್ಯಾಲೆಯ ಹಗ್ಗ ಸಡಿಲವಾದರೂ "ವೇಣಿಬೆನ್‌ನ ಕರೀರಿ" ಎನ್ನುತ್ತಿದ್ದರು. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ, "ಅಪ್ಪಂದು ಮರದ ವ್ಯಾಪಾರ. ಗಾಡಿಗೆ ಮರ ಕಟ್ಟೂದು ನೋಡಿ ಬಂತು," ಎಂದು ಮಾತು ಮುಗಿಸುತ್ತಿದ್ದರು. ಕನ್ನಡ ಸಂಘದ ಸಮಾರಂಭಗಳಲ್ಲಿ ರಾಯರು ಕೂಡ ಮಾವನವರ ಬಗ್ಗೆ ಹೇಳುವಾಗ "ಟಿಂಬರ್ ಮರ್ಚಂಟ್" ಎನ್ನುತ್ತಿದ್ದರು. ನಾನೂ ನಂಬಿದ್ದೆ. ನಂಬದಿರಲು ಕಾರಣವೇನೂ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ಟೆರೇಸಿನ ನೆರಳಿನಲ್ಲಿ ಹಾಳೆಗಳನ್ನು ಹರಡಿಕೊಂಡು ಕುಳಿತಿದ್ದೆ. ಒಂದು ಹಾಳೆ ಖಾರಿಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡದ್ದು, ಕೆಸರಿನ ಬೆರಳಚ್ಚು ಸಮೇತ. ಇನ್ನೊಂದು ಅದರ ಮೇಲಿಟ್ಟು ಶಾಯಿಯಲ್ಲಿ ತಿದ್ದಿ ಬರೆದ ಅಚ್ಚುಕಟ್ಟಾದ ಪ್ರತಿ. ಬುಧವಾರ ಹಡಗನ್ನು ಹೂಳುವುದೆಂದು ಗೊತ್ತಾಗಿತ್ತು, ಅದರ ಮರುವಾರ ಇಂದುಬೆನ್ ತಮ್ಮ ವರದಿಯನ್ನು ಅಚ್ಚಿಗೆ ಕೊಡುವವರಿದ್ದರು. ನನಗೆ ನನ್ನ ಶಾಯಿಯ ಪ್ರತಿಯ ಬಗ್ಗೆ ಬಹಳ ಹೆಮ್ಮೆ. ಒಂದೂ ಕಲೆಯಿಲ್ಲ, ಒಂದೂ ಗೆರೆ ಅಲುಗಿಲ್ಲ. ಮದುವೆಗೆ ನಿಂತ ಹಡಗಿನ ಹಾಗೆ ಕಾಣುತ್ತಿತ್ತು.

ಒಣಗಿದ ಮೆಣಸಿನಕಾಯಿ ಎತ್ತಿಕೊಳ್ಳಲು ಬಂದ ವೇಣಕ್ಕ ಮೊರ ಹಿಡಿದುಕೊಂಡು ಅಲ್ಲೇ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ಸಿಲಿನ ಹಾಳೆಯನ್ನು ಗಲ್ಲದಿಂದ ತೋರಿಸಿ ಕೇಳಿದರು.

"ತಮ್ಮಾ, ಇಲ್ಲಿ ಆರು ತೂತು ಉಂಟು. ಆ ಹಾಳೇಲಿ ಎಲ್ಲಿಗೆ ಹೋಯ್ತು?"

ನಾನು ನೋಡಿದೆ. ಒಂದು ಪಕ್ಕೆ ಮೊಳೆ ತುಕ್ಕು ಹಿಡಿದು ಕಳಚಿ ಬಂದಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಅದರ ಅಡಿಯ ಹಲಗೆಗಳನ್ನೂ ಗುರುತು ಹಾಕಿದ್ದೆ. ಎರಡು ಹಲಗೆ ಕೂಡುವ ಸಂದಿನ ಈಚೆ ಮೂರು, ಆಚೆ ಮೂರು ಸಣ್ಣ ತೂತು.

"ಅವು ಹುಳಾ ತಿಂದದ್ದ್ರಿ ಅಕ್ಕಾ. ಹಡಗಿನ ಮರಕ್ಕ ಸಮುದ್ರದ ಹುಳಾ ಬೀಳ್ತಾವು. ಬ್ಯಾರೆ ಕಡೆನೂ ಅದಾವು. ಚಿತ್ರ ಹೊಲಸ ಕಾಣ್ತದ ಅಂತ ಬಿಟ್ಟೀನಿ."

ವೇಣಕ್ಕ ಮೊರವನ್ನು ಕೆಳಗಿಟ್ಟು ಹಾಳೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ತೋರುಬೆರಳು, ನಡುಬೆರಳು ಎರಡನ್ನೂ ಕೂಡಿಸಿ ತೂತುಗಳ ನಡುವೆ ಇಟ್ಟು ನೋಡಿದರು. ಚಿತ್ರ ಸಣ್ಣ ಅಳತೆಯದು, ಬೆರಳು ಅದರ ಮೇಲೆ ದೊಡ್ಡದಾಯಿತು. ತಮ್ಮಷ್ಟಕ್ಕೆ ನಕ್ಕು ಕೈ ಹಿಂದಕ್ಕೆ ತೆಗೆದರು.

"ಒಂದರ ಎದುರಿಗೆ ಒಂದು ಬಂದದೆ ನೋಡು. ಹುಳ ಬೆರಳಿಟ್ಟು ಅಳೆದು ತಿಂತದನ?"

ನಾನು ಹಾಳೆಯ ಮೇಲೆ ಬಗ್ಗಿ ತೂತುಗಳನ್ನು ಮತ್ತೊಮ್ಮೆ ನೋಡಿದೆ.

"ಇದು ಹೊಲಿದ ದೋಣಿ," ಎಂದರು. "ಹಲಗೆ ಹಲಗೆ ತೆಂಗಿನ ಕತ್ತದ ಹಗ್ಗದಲ್ಲಿ ಹೊಲಿಯೂದು. ಮೊಳೆ ಆಮೇಲೆ ಬಂದದ್ದು."

"ಆದರ ಪಕ್ಕೆ ಮೊಳೆ ಹೊಡದು ಕೂರ್ಸ್ಯಾರಲ್ರಿ. ಮೊದಲ ಪಕ್ಕೆ ನಿಲ್ಲಿಸಿ, ಅದಕ್ಕ ಹಲಗಿ ಬಡದಾರ ಅಂತ ಮೇಡಂ ಬರದಾರ."

"ಪಕ್ಕೆ ಮೊದಲೇ ಇದ್ದಿದ್ರೆ ಅದರ ಅಡಿಗೆ ಹಗ್ಗ ಹಾಕೂಕೆ ಕೈ ಎಲ್ಲಿ ಹೋಗ್ತಿತ್ತು? ಹಗ್ಗ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಬರಬೇಕಲ್ದ. ಮೊದಲು ಹಲಗೆ ಹೊಲಿದು ದೋಣಿ ಆಯ್ತು. ಆಮೇಲೆ ಪಕ್ಕೆ ಕೂರ್ಸಿದ್ರು."

ಓದುಗರೇ, ಇದರ ತೂಕ ನಿಮಗೆ ತಿಳಿಯಲೆಂದು ಒಂದು ಮಾತು. ಹಡಗು ಕಟ್ಟುವ ವಿದ್ಯೆಯಲ್ಲಿ ಆದ ದೊಡ್ಡ ಬದಲಾವಣೆಗಳಲ್ಲಿ ಇದೊಂದು. ಹಳೆಯ ಕಾಲದಲ್ಲಿ ಮೊದಲು ಚರ್ಮ, ಆಮೇಲೆ ಎಲುಬು. ಹಲಗೆಗೆ ಹಲಗೆ ಸೇರಿಸಿ ಮೈ ಮಾಡಿ, ಆಮೇಲೆ ಒಳಗೆ ಪಕ್ಕೆ ಇಡುವುದು. ಅದಕ್ಕೆ ನಕ್ಷೆ ಬೇಡ, ಮೇಸ್ತ್ರಿಯ ಕಣ್ಣೇ ನಕ್ಷೆ. ಮುಂದೆ ಬಂದ ರೀತಿಯಲ್ಲಿ ಮೊದಲು ಎಲುಬಿನ ಗೂಡು, ಆಮೇಲೆ ಚರ್ಮ. ಅದಕ್ಕೆ ಲೆಕ್ಕ ಬೇಕು, ನಕ್ಷೆ ಬೇಕು, ಮೊಳೆ ಬೇಕು. ಯಾವ ಹಡಗು ಯಾವ ಬಗೆಯದು ಎಂದು ಕಂಡುಹಿಡಿಯಲು ಇಂದುಬೆನ್‌ರಂಥವರು ವರ್ಷಗಟ್ಟಲೆ ಕೆಸರು ತುಳಿಯುತ್ತಾರೆ. ಆ ಉತ್ತರ ಇದ್ದದ್ದು ಆರು ತೂತಿನಲ್ಲಿ. ಆ ಆರು ತೂತನ್ನು, ಚಿತ್ರ ಚೆಂದ ಕಾಣಲಿ ಎಂದು, ಅಳಿಸಿದವನು ನಾನು.

"ನಿಮಗ ಇದೆಲ್ಲಾ ಹ್ಯಾಂಗ ಗೊತ್ತ್ರಿ ಅಕ್ಕಾ?"

ವೇಣಕ್ಕ ಒಮ್ಮೆ ಮೆಟ್ಟಿಲಿನ ಕಡೆ ನೋಡಿದರು. ಆಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಹೇಳಿದರು. "ಅಪ್ಪ ದೋಣಿ ಕಟ್ಟುತಿದ್ರು. ಮರದ ವ್ಯಾಪಾರ ಅಲ್ಲ. ಪ್ರತಿ ವರ್ಷ ಹೊಲಿಗೆ ಬಿಚ್ಚಿ ಹೊಸ ಹಗ್ಗ ಹಾಕೂದು. ಕತ್ತ ನೆನಸಿ, ಬಡಿದು, ಹುರಿ ಮಾಡಿ ಕೊಡೂದು ಅಮ್ಮ, ನಾನು. ಹೊಲಿದಾದ ಮೇಲೆ ತೂತಿಗೆ ನಾರು ತುರುಕಿ ರಾಳ ಮೆತ್ತೂದೂ ನಂದೇ ಕೆಲಸ, ನನ್ನ ಬೆರಳು ಸಪೂರ ಇತ್ತಲ್ಲ. ಮೈಯೆಲ್ಲ ಮೀನೆಣ್ಣೆ ವಾಸನೆ. ಶಾಲೇಲಿ ನನ್ನ ಬೆಂಚಿಗೆ ಯಾರೂ ಕೂರ್ತಿರ್ಲಿಲ್ಲ." ಇನ್ನೊಂದು ತೊಟ್ಟು ಮುರಿದು, "ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ವಾಸನೆ ಯಾಕೆ ಹೊತ್ತು ತಿರುಗೂದು ಅಂತ ಇವರು ಹೇಳಿದ್ರು. ನನಗೂ ಹೌದು ಅನ್ನಿಸ್ತು," ಎಂದರು.

ನಾನು ಓಣಿಯ ತುದಿಯ ಟೆಲಿಫೋನ್ ಬೂತಿಗೆ ಹೋಗಿ ಇಂದುಬೆನ್‌ಗೆ ಫೋನು ಮಾಡಿದೆ. ಇದನ್ನು ಧೈರ್ಯ ಎಂದುಕೊಳ್ಳಬೇಡಿ. ಹೋಗುವ ದಾರಿಯಲ್ಲಿ ಎರಡು ಸಲ ತಿರುಗಿ ಬಂದಿದ್ದೆ. ಆರು ತೂತಿಗಾಗಿ ಹನ್ನೊಂದು ತಿಂಗಳ ನೌಕರಿ ನಾಲ್ಕನೇ ತಿಂಗಳಿಗೇ ಮುಗಿದರೆ ಗದಗಿಗೆ ಯಾವ ಮುಖ ಹೊತ್ತು ಹೋಗುವುದು ಎಂಬುದೊಂದೇ ಚಿಂತೆ. ಕೊನೆಗೆ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

"ಆರು ತೂತು ಬಿಟ್ಟಿದ್ದೀಯಾ, ಅಥವಾ ನನಗೆ ಹೇಳಿದ್ದು ಆರು ಮಾತ್ರವಾ?" ಎಂದು ಇಂದುಬೆನ್ ಕೇಳಿದರು.

"ಎದುರುಬದುರು ಬಂದದ್ದು ಆರೇ, ಇಂದುಬೆನ್." ಆ ದಿನ "ಮೇಡಂ" ತಾನಾಗಿಯೇ ಉದುರಿಹೋಯಿತು.

"ಮಂಗಳವಾರ ಇಳಿತ ಮಧ್ಯಾಹ್ನ ಒಂದಕ್ಕೆ. ಆ ಬೆನ್ ಬರುತ್ತಾರಾ ಕೇಳು. ಬರುವುದಿಲ್ಲ ಎಂದರೆ ಕೈ ಮುಗಿದು ಕೇಳು."

ಕೈ ಮುಗಿಯುವ ಅಗತ್ಯ ಬೀಳಲಿಲ್ಲ, ವೇಣಕ್ಕ ಕೂಡಲೇ ಒಪ್ಪಿದರು. ಒಪ್ಪದವರು ರಾಯರು. ಸಂಜೆ ಕೆಳಗಿನ ಹಾಲಿನಲ್ಲಿ ನಮ್ಮ ಮೂವರ ಸಭೆ ನಡೆಯಿತು. "ಅಷ್ಟು ಜನ ಪ್ರೊಫೆಸರುಗಳ ಮುಂದೆ ಕೆಸರಿಗಿಳಿದು ಎಂತ ಹೇಳ್ತೆ? ನಿನ್ನ ಮಾತು ತಪ್ಪಾದ್ರೆ ನಗೆಪಾಟಲು," ಎಂದರು.

"ಸರಿಯಾದ್ರೆ?" ಎಂದರು ವೇಣಕ್ಕ.

ತಪ್ಪಾಗುವುದಕ್ಕಿಂತ ಸರಿಯಾಗುವುದೇ ರಾಯರಿಗೆ ಹೆಚ್ಚು ಕಷ್ಟದ ವಿಷಯವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಸರಿಯಾದರೆ, ಹೇಗೆ ಗೊತ್ತು ಎಂದು ಜನ ಕೇಳುತ್ತಾರೆ. ಟಿಂಬರ್ ಮರ್ಚಂಟ್ ಅಲ್ಲಿಗೆ ಮುಗಿದ. ಅವರು ಎದ್ದು ಹೋಗಿ ಟೀವಿ ಹಾಕಿದರು, ಗುಜರಾತಿ ವಾರ್ತೆ ಬರುತ್ತಿತ್ತು, ಅವರಿಗೆ ಗುಜರಾತಿ ಅರ್ಧ ಮಾತ್ರ ತಿಳಿಯುತ್ತಿತ್ತು. ಪೂರ್ತಿ ಮುಗಿಯುವವರೆಗೂ ನೋಡಿದರು.

ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಮಣಿನಗರದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ರೈಲು ದೂರದಲ್ಲಿ ಕಾಣುತ್ತಿತ್ತು. ಆಗ ರಾಯರು ಸ್ಕೂಟರಿನಿಂದ ಇಳಿದು, ಆಫೀಸಿನ ಬಟ್ಟೆಯಲ್ಲೇ, ಸೇತುವೆಯ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. "ಒಳ್ಳೇ ಚಪ್ಪಲಿ ಹಾಕ್ಕೊಂಡು ಬಂದಿದ್ದೆ ನೀನು. ಕೆಸರಿಗೆ ಅದು ಬೇಡ," ಎಂದು ಬಚ್ಚಲಿನ ಹಳೆಯ ಹವಾಯಿ ಚಪ್ಪಲಿಗಳನ್ನು ಕೊಟ್ಟು, ನನ್ನ ಕಡೆ ನೋಡದೆ ಹೊರಟುಹೋದರು. ವೇಣಕ್ಕ ಭರೂಚ್ ದಾಟುವವರೆಗೆ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದರು.

ಖಾರಿಯ ದಂಡೆಯಲ್ಲಿ ಇಂದುಬೆನ್, ಅವರ ಇಬ್ಬರು ವಿದ್ಯಾರ್ಥಿಗಳು, ನಾಲ್ಕು ಜನ ಕೂಲಿಯವರು ಕಾಯುತ್ತಿದ್ದರು. ವೇಣಕ್ಕ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹವಾಯಿ ಚಪ್ಪಲಿಯನ್ನೂ ದಂಡೆಯಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿದರು. ನಾಲ್ಕು ತಿಂಗಳಿನಿಂದ ಆ ಕೆಸರಿನಲ್ಲಿ ದಿನಕ್ಕೆರಡು ಸಲ ಬೀಳುತ್ತಿದ್ದ ನಾನು ನೋಡುತ್ತಾ ನಿಂತೆ. ಅವರು ಪಾದವನ್ನು ಓರೆಯಾಗಿ ಇಟ್ಟು, ಹೆಬ್ಬೆರಳಿನಿಂದ ತಡವರಿಸಿ, ಮನೆಯ ಜಗಲಿಯ ಮೇಲೆ ನಡೆದಂತೆ ನಡೆದು ಹೋದರು.

ಕಳಚಿದ ಪಕ್ಕೆಯ ಜಾಗದಲ್ಲಿ ಕುಳಿತು ತೂತುಗಳ ನಡುವೆ ಬೆರಳಿಟ್ಟರು. ಈ ಸಲ ಬೆರಳು ಸರಿಯಾಗಿ ಕೂತಿತು. ಆಮೇಲೆ ಅಲ್ಲಿಂದ ಸಂದಿನ ಗುಂಟ ಬೆರಳಿನಲ್ಲಿ ಅಳೆಯುತ್ತಾ ಮುಂದಿನ ಪಕ್ಕೆಯ ಆಚೆಗೆ, ಲೇಪ ಮೆತ್ತಿದ್ದ ಕಡೆಗೆ ಹೋದರು. ಅಲ್ಲಿ ನಯವಾದ ಬೂದುಬಣ್ಣದ ಲೇಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಒಂದು ಜಾಗದ ಮೇಲೆ ಉಗುರಿನಿಂದ ಗೀರಿದರು.

"ಇದರ್ ಖೋಲೋ," ಎಂದರು ಇಂದುಬೆನ್‌ಗೆ. "ಇದರ್ ಏಕ್, ಸಾಮ್ನೇ ಏಕ್."

ಇಂದುಬೆನ್ ಯಾರ ಕೈಗೂ ಕೊಡದೆ ತಾವೇ ಸಣ್ಣ ಚಾಕು ಹಿಡಿದು ಕುಳಿತರು. ಲೇಪ ಪದರ ಪದರವಾಗಿ ಎದ್ದಿತು. ಆ ಹೊತ್ತಿನಲ್ಲಿ ವೇಣಕ್ಕನ ಮುಖ ನೋಡಿದೆ. ಅವರು ಚಾಕುವನ್ನೇ ನೋಡುತ್ತಿದ್ದರು. ತಪ್ಪಾದರೆ ಮಣಿನಗರದಲ್ಲಿ ಏನು ಹೇಳುವುದೆಂದು ಯೋಚಿಸುತ್ತಿದ್ದರೋ, ಇಪ್ಪತ್ತು ವರ್ಷಗಳ ಹಿಂದೆ ಬಿಟ್ಟುಬಂದ ಕೆಲಸ ಕೈಯಲ್ಲಿ ಇನ್ನೂ ಉಳಿದಿದೆಯೋ ಇಲ್ಲವೋ ಎಂಬ ಭಯವೋ, ನಾನು ಹೇಳಲಾರೆ. ಚಾಕುವಿನ ತುದಿ ಒಂದು ಕಡೆ ಮೆತ್ತಗೆ ಇಳಿಯಿತು. ಅಲ್ಲಿ ಕಿರುಬೆರಳಿನ ಗಾತ್ರದ ಒಂದು ಗುಂಡು ತೂತು, ಅದರೊಳಗೆ ಕಪ್ಪಾದ ಒಂದು ಬಿರಟೆ. ಇಂದುಬೆನ್ ಅದರ ಮೇಲ್ಭಾಗವನ್ನು ಚಿಮಟದಲ್ಲಿ ಬಿಡಿಸಿ ಅಂಗೈಯಲ್ಲಿಟ್ಟು ನೀರು ಹನಿಸಿದರು. ತೆಂಗಿನ ನಾರು ಎಳೆ ಎಳೆಯಾಗಿ ಬಿಚ್ಚಿಕೊಂಡಿತು, ಅದರಿಂದ ಎದ್ದ ವಾಸನೆಯೇ ಮೊನ್ನೆ ಕಾಲೊರಸಿನಿಂದ ಎದ್ದದ್ದು.

ಇಂದುಬೆನ್ ಎದುರಿನ ಜಾಗವನ್ನೂ ಕೆರೆದರು. ಅಲ್ಲೂ ಒಂದು.

"ಹೊಲಿದು ಕಟ್ಟಿದ್ದಾರೆ," ಎಂದರು ಇಂದುಬೆನ್ ಮೆಲ್ಲಗೆ. "ಆಮೇಲೆ ಯಾರೋ ಹೊಲಿಗೆ ಕತ್ತರಿಸಿ, ತೂತು ಮುಚ್ಚಿ, ಮೊಳೆ ಹೊಡೆದಿದ್ದಾರೆ. ಅದೇ ಹಡಗಿಗೆ."

ವೇಣಕ್ಕ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಹಗ್ಗ ಹಾಕುವವರು ಸಿಗದೇ ಹೋದ ಮೇಲೆ ಮೊಳೆ ಹೊಡೂದೇ. ನಮ್ಮಲ್ಲೂ ಹಾಗೇ ಆಯ್ತು ಅಂತ ಹೇಳು. ಅಪ್ಪನ ಕಡೇ ವರ್ಷದಲ್ಲಿ, ತಾನು ಹೊಲಿದ ದೋಣಿಗೆ ತಾನೇ ಮೊಳೆ ಹೊಡೆದ್ರು." ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಇಂದುಬೆನ್ ಕೆಸರಿನಲ್ಲೇ ಕುಳಿತು ಅದನ್ನು ಬರೆದುಕೊಂಡರು. ಹೊಲಿದ ಹಡಗುಗಳನ್ನು ಅವರು ಬೇರೆ ಕಡೆ ನೋಡಿದ್ದರು, ಮೊಳೆಯ ಹಡಗುಗಳನ್ನೂ ನೋಡಿದ್ದರು. ಒಂದು ಇನ್ನೊಂದಾಗಿ ಬದಲಾಗುತ್ತಿರುವುದನ್ನು ಒಂದೇ ಒಡಲಿನಲ್ಲಿ ನೋಡಿದ್ದು ಅದೇ ಮೊದಲು ಎಂದರು.

ವಿದ್ಯಾರ್ಥಿಗಳಲ್ಲಿ ಒಬ್ಬ, ಪಾಪ, ವಿನಯದಿಂದಲೇ ಕೇಳಿದ. "ಆಂಟಿ, ಆಪ್ ಕೋ ಕೈಸೇ ಪತಾ?"

ವೇಣಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತರು. ತಮ್ಮ ಅಡ್ಡಾದಿಡ್ಡಿ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಮೇರಾ ಬಾಪ್ ನಾವ್ ಬನಾತಾ ಥಾ. ಮೈ ಛೇದ್ ಭರ್ತೀ ಥೀ." ಅಪ್ಪ ದೋಣಿ ಕಟ್ಟುತ್ತಿದ್ದರು, ತೂತು ತುಂಬುತ್ತಿದ್ದವಳು ನಾನು, ಎಂದು.

ಅದಕ್ಕೆ ಯಾರೂ ನಗಲಿಲ್ಲ. ಉಬ್ಬರ ಬರುವ ಹೊತ್ತಾಗಿತ್ತು. ನಾವು ಸರಸರನೆ ಇನ್ನಷ್ಟು ಅಳತೆ ತೆಗೆದುಕೊಂಡೆವು. ಆ ದಿನ ನಾನು ಹುಳದ ತೂತುಗಳನ್ನೂ ಒಂದು ಬಿಡದೆ ಬರೆದುಕೊಂಡೆ, ಯಾವುದಕ್ಕೂ ಇರಲಿ ಎಂದು. ಹೂಳುವುದನ್ನು ಇಂದುಬೆನ್ ಮುಂದಿನ ಹುಣ್ಣಿಮೆಯ ಇಳಿತದವರೆಗೆ ಮುಂದೂಡಿದರು. ನನ್ನ ನೌಕರಿ ಉಳಿಯಿತು. ಆದರೆ ಹನ್ನೊಂದು ತಿಂಗಳು ಮುಗಿಯುವವರೆಗೂ ನಾನು ಯಾವ ಹಾಳೆ ಕೊಟ್ಟರೂ ಇಂದುಬೆನ್ ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಚೆಂದ ಕಾಣಲೆಂದು ಏನು ಮಾಡಿದ್ದೀಯಾ?" ಎಂದು ಕೇಳುವುದನ್ನು ಬಿಡಲಿಲ್ಲ.

ವರದಿಯಲ್ಲಿ ವೇಣಕ್ಕನ ಹೆಸರು ಹಾಕುವ ಪ್ರಶ್ನೆ ಬಂತು. ಹೇಗೆ ಹಾಕಬೇಕು ಎಂದು ಕೇಳಲು ನಾನು ರಾಯರ ಮನೆಯ ಹಾಲಿಗೆ ಇಳಿದೆ. ರಾಯರು ಯೋಚಿಸಿ, "ಶ್ರೀಮತಿ ಗಜಾನನ ಅಂತ ಹಾಕಿದರೆ ಸಾಕಲ್ಲ," ಎಂದರು. ಅಡುಗೆಮನೆಯಿಂದ ಉತ್ತರ ಬಂತು. "ನನ್ನ ಹೆಸರಿಗೆ ಎಂತ ಆಗ್ಯದೆ? ನಾಗವೇಣಿ ಅಂತಲೇ ಹಾಕು ತಮ್ಮಾ. ದೋಣಿ ಕೆಲಸದವಳು ಅಂತ ಮುಂದೆ ಬರಿ." ಹಾಗೆಯೇ ಅಚ್ಚಾಯಿತು. ಪುಸ್ತಕ ತಂದುಕೊಟ್ಟಾಗ ವೇಣಕ್ಕ ತಮ್ಮ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ, ನನ್ನ ಚಿತ್ರದ ಪುಟ ತೆರೆದು ಬಹಳ ಹೊತ್ತು ನೋಡಿ, ನಾಲ್ಕನೇ ಹಲಗೆಯಲ್ಲಿ ಒಂದು ತೂತು ಅರ್ಧ ಬೆರಳು ಆಚೆ ಹೋಗಿದೆ ಎಂದರು. ಹೋಗಿತ್ತು.

ಇದಾದ ಸ್ವಲ್ಪ ದಿನಕ್ಕೆ ಕನ್ನಡ ಸಂಘದ ಯುಗಾದಿ ಊಟ. ಪಂಕ್ತಿಯಲ್ಲಿ ಯಾರೋ ರಾಯರನ್ನು ಮಾವನವರ ಟಿಂಬರ್ ವ್ಯಾಪಾರದ ಬಗ್ಗೆ ಕೇಳಿದರು, ಊರಿನಲ್ಲಿ ಮನೆಗೆ ಸಾಗುವಾನಿ ಬೇಕಿತ್ತಂತೆ. ರಾಯರು ಒಬ್ಬಟ್ಟು ಮುರಿಯುವುದನ್ನು ನಿಲ್ಲಿಸಿದರು. ನಾನು ಎದುರಿನ ಸಾಲಿನಲ್ಲಿದ್ದೆ. "ವ್ಯಾಪಾರ ಅಲ್ಲ," ಎಂದರು. "ಅವರು ದೋಣಿ ಕಟ್ಟುತ್ತಿದ್ದರು. ನಾನೇ ಸುಳ್ಳು ಹೇಳುತ್ತಿದ್ದೆ." ಆಮೇಲೆ ಅವರ ಪಕ್ಕದಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ಸಾರಿಗೆ ಕೈ ಹಾಕುತ್ತಾ, ತಮ್ಮ ತಂದೆಯದು ಸೈಕಲ್ ಪಂಕ್ಚರ್ ಅಂಗಡಿಯಾಗಿತ್ತು, ಈಗಲೂ ಟ್ಯೂಬಿನ ತೂತು ತಮಗೆ ಕಿವಿಯಲ್ಲೇ ಗೊತ್ತಾಗುತ್ತದೆ ಎಂದರು. ಆ ವರ್ಷದ ಯುಗಾದಿಯಷ್ಟು ರುಚಿಯಾದ ಊಟ ಸಂಘದಲ್ಲಿ ಮತ್ತೆ ಆಗಲಿಲ್ಲ.

ಇದೆಲ್ಲ ಆಗಿ ಇಪ್ಪತ್ತು ವರ್ಷ ಹತ್ತಿರವಾಯಿತು. ನಾನು ಸೂರತ್ತಿಗೆ ಬಂದೆ, ಜವಳಿ ಯಂತ್ರಗಳ ಚಿತ್ರ ಬರೆಯುವ ಕೆಲಸ ಹಿಡಿದೆ, ಮದುವೆಯಾಯಿತು, ಮಗಳಾದಳು. ಮೊದಮೊದಲು ಹಬ್ಬಕ್ಕೆ ಫೋನು ಮಾಡುತ್ತಿದ್ದೆ. ಆಮೇಲೆ ಹಬ್ಬದ ಶುಭಾಶಯದ ಚಿತ್ರ ಕಳಿಸುತ್ತಿದ್ದೆ. ಆಮೇಲೆ ಅದೂ ನಿಂತಿತು. ಜಗಳವಿಲ್ಲ, ಕಾರಣವಿಲ್ಲ, ಸುಮ್ಮನೆ ಆರು ವರ್ಷ ಕಳೆದುಹೋಯಿತು. ಮಣಿನಗರ ಇಲ್ಲಿಂದ ನಾಲ್ಕು ತಾಸಿನ ರೈಲು. ಒಳ್ಳೆಯವರನ್ನು ಮರೆಯುವುದಕ್ಕೆ ಇಷ್ಟು ಕಡಿಮೆ ಶ್ರಮ ಸಾಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ಮೇಘನಾಳಿಗೆ ಇದನ್ನೆಲ್ಲ ಹೇಳಿ, ಆ ಬಾಲ್ಕನಿಯಲ್ಲೇ ನಿಂತು ಹಳೆಯ ನಂಬರಿಗೆ ಫೋನು ಮಾಡಿದೆ. ಎತ್ತಿದವರು ವೇಣಕ್ಕನೇ. ನಾನು ಹೆಸರು ಹೇಳುವ ಮೊದಲೇ, "ಬದುಕಿದ್ಯನ ತಮ್ಮಾ?" ಎಂದರು. ರಾಯರಿಗೆ ನಿವೃತ್ತಿಯಾಗಿದೆ, ಮೊಣಕಾಲು ನೋವು, ಟೆರೇಸಿನ ಕೋಣೆ ಬಾಡಿಗೆಗೆ ಕೊಟ್ಟಿಲ್ಲ. ಇಂದುಬೆನ್ ಹೋಗಿ ಎರಡು ವರ್ಷವಾಯಿತಂತೆ. ಕೊನೆಯವರೆಗೂ ಸಂಕ್ರಾಂತಿಗೆ ಮಣಿನಗರಕ್ಕೆ ಬಂದು ಊಟ ಮಾಡಿ ಹೋಗುತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ, ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮೇಘನಾ ಫೋನು ಕಸಿದುಕೊಂಡು ಸ್ಪೀಕರಿಗೆ ಹಾಕಿದಳು.

"ಹಲೋ ಅಜ್ಜಿ, ನಾನು ಮೇಘನಾ. ಪಪ್ಪಾ ಸ್ಟೋರಿ ಹೇಳಿದ್ರು. ನಿಮಗೆ ಸಚ್ಚೀ ಮೇ ಹಡಗು ಮಾಡೋಕೆ ಬರತ್ತಾ?"

"ಹಡಗು ಬರೂದಿಲ್ಲ ಮಗಾ. ಸಣ್ಣ ದೋಣಿ ಬತ್ತದೆ. ಆದ್ರೆ ಒಬ್ಬಳೇ ಆಗೂದಿಲ್ಲ. ಹಗ್ಗ ಎಳೀಲಿಕ್ಕೆ ಒಳಗೆ ಇಬ್ರು, ಹೊರಗೆ ಇಬ್ರು ಬೇಕು. ನಿಮ್ಮ ಮನೇಲಿ ಎಷ್ಟು ಜನ ಇದ್ರಿ?"

"ಮೂರು. ನಾನು, ಪಪ್ಪಾ, ಮಮ್ಮಿ."

"ಹಾಗಾದ್ರೆ ಸಾಕು," ಎಂದರು ವೇಣಕ್ಕ. "ಇವರು ಒಳಗೆ ಕೂತು ಹಗ್ಗ ಹಿಡೀತ್ರು. ಮೊಣಕಾಲಿಗೆ ಎಂತಾ ಕೆಲಸ ಇಲ್ಲ ಅದರಲ್ಲಿ. ಶನಿವಾರ ಬನ್ನಿ."

ಹಿಂದಿನಿಂದ ರಾಯರ ದನಿ ಕೇಳಿಸಿತು. ಹಲಗೆ ಎಲ್ಲಿಂದ ತರಬೇಕು ಎಂದು ಅವರು ಕೇಳುತ್ತಿದ್ದರು.